ಡೆಸರ್ಟ್ ರೋಡಿನಲ್ಲಿ ಮೀಟರು 11.2 ಅಂದರೆ ಏನರ್ಥ?

ಮಕ್ಕಳೇ, ಮೊದಲು ಒಂದು ಪ್ರಶ್ನೆ. ನಮ್ಮ ರೆಮುಟಾಕಾ ಬೆಟ್ಟದ ರಸ್ತೆಯ ತುದಿ ಎತ್ತರವೋ, ಬೆಂಗಳೂರಿನ ಅಜ್ಜಿ ಮನೆಯ ಅಂಗಳ ಎತ್ತರವೋ? ಫೆದರ್‌ಸ್ಟನ್‌ಗೆ ಹೋಗುವಾಗ ಆ ತಿರುವುಗಳನ್ನು ನೋಡಿದವರು ರೆಮುಟಾಕಾ ಅಂತಲೇ ಹೇಳ್ತಾರೆ. ಆದರೆ ಆ ರಸ್ತೆಯ ತುದಿ ಸಮುದ್ರಮಟ್ಟದಿಂದ 555 ಮೀಟರ್ ಅಷ್ಟೇ. ಬೆಂಗಳೂರು 900 ಮೀಟರಿಗೂ ಮೇಲಿದೆ! ಲೋವರ್ ಹಟ್‌ನಿಂದ ಆಕ್ಲೆಂಡ್ ಕಡೆಗೆ ಹೋಗುವಾಗ ವೈಯೂರು ಆದ ಮೇಲೆ ಡೆಸರ್ಟ್ ರೋಡ್ ಬರುತ್ತಲ್ಲ, ಅದರ ಅತಿ ಎತ್ತರದ ಜಾಗ 1,074 ಮೀಟರ್. ಅಲ್ಲಿನ ಗಾಳಿ ಬೆಂಗಳೂರಿನ ಗಾಳಿಯಷ್ಟೇ ತೆಳು, ಇನ್ನೂ ಚೂರು ಹೆಚ್ಚೇ ತೆಳು.

ಗಾಳಿ ತೆಳುವಾದರೆ ನಮಗೆ ಅಷ್ಟಾಗಿ ಗೊತ್ತಾಗಲ್ಲ. ಕಾರಿನ ಎಂಜಿನ್ನಿಗೆ ಮಾತ್ರ ಗೊತ್ತಾಗುತ್ತೆ. ಯಾಕೆ ಅಂತ ನೋಡೋಣ.

ಪೆಟ್ರೋಲ್ ಉರಿಯೋಕೆ ಆಮ್ಲಜನಕ ಬೇಕು. 1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಇದನ್ನೇ ಗಾಳಿ-ಪೆಟ್ರೋಲ್ ಅನುಪಾತ ಅನ್ನೋದು. ಸಂಖ್ಯೆ 14.7ಕ್ಕಿಂತ ಕಡಿಮೆಯಾದರೆ ಪೆಟ್ರೋಲ್ ಹೆಚ್ಚು, ಅದಕ್ಕೆ 'ರಿಚ್' ಅಂತಾರೆ. ಸಂಖ್ಯೆ ಹೆಚ್ಚಾದರೆ ಪೆಟ್ರೋಲ್ ಕಡಿಮೆ, ಅದು 'ಲೀನ್'. ಚುರುಮುರಿ ಕಲಸುವಾಗ ಒಗ್ಗರಣೆ ಜಾಸ್ತಿಯಾದರೆ ಮಂಡಕ್ಕಿ ಮೆತ್ತಗಾಗುತ್ತೆ, ಕಡಿಮೆಯಾದರೆ ಸಪ್ಪೆ ಸಪ್ಪೆ. ಹಾಗೇ ಇದು.

ಈಗ ಸೂಪರ್‌ಚಾರ್ಜರ್. ಡಬ್ಬಿಗೆ ಮಂಡಕ್ಕಿಯನ್ನು ಕೈಯಿಂದ ಅದುಮಿ ತುಂಬಿದರೆ ಅದೇ ಡಬ್ಬಿಯಲ್ಲಿ ಹೆಚ್ಚು ಹಿಡಿಸುತ್ತೆ ಅಲ್ವಾ? ಸೂಪರ್‌ಚಾರ್ಜರ್ ಎಂಬ ಪಂಪು ಗಾಳಿಯನ್ನು ಹೀಗೆ ಅದುಮಿ ಎಂಜಿನ್ನಿಗೆ ತುಂಬುತ್ತೆ. ಗಾಳಿ ಹೆಚ್ಚಾದಾಗ ಪೆಟ್ರೋಲನ್ನೂ ಹೆಚ್ಚು ಸುಡಬಹುದು, ಶಕ್ತಿಯೂ ಹೆಚ್ಚು ಸಿಗುತ್ತೆ. ಇಂಥ ಕಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಅನುಪಾತವನ್ನು ಬೇಕೆಂದೇ 12ರ ಆಸುಪಾಸಿಗೆ ಇಳಿಸ್ತಾರೆ. ಹೆಚ್ಚುವರಿ ಪೆಟ್ರೋಲ್ ಆವಿಯಾಗುವಾಗ ಒಳಗಿನ ಬಿಸಿಯನ್ನು ತಗ್ಗಿಸುತ್ತೆ. ಅದಿಲ್ಲದಿದ್ದರೆ ಪಿಸ್ಟನ್ ಕರಗಿ ತೂತಾಗುವಷ್ಟು ಬಿಸಿಯಾಗಬಹುದು.

ಸೂಪರ್‌ಚಾರ್ಜರನ್ನು ತಿರುಗಿಸೋದು ಎಂಜಿನ್ನಿನ ಬೆಲ್ಟ್. ಎಂಜಿನ್ ಎಷ್ಟು ವೇಗದಲ್ಲಿ ತಿರುಗುತ್ತೋ ಅದಕ್ಕೆ ತಕ್ಕಂತೆ ಮಾತ್ರ ಅದು ತಿರುಗುತ್ತೆ. ಹಾಗಾಗಿ ಅದು ಹೊರಗಿನ ಒತ್ತಡವನ್ನು ಹೆಚ್ಚುಕಡಿಮೆ ಒಂದೇ ಸಂಖ್ಯೆಯಿಂದ ಗುಣಿಸುತ್ತೆ. ನಮ್ಮ ಉದಾಹರಣೆಗೆ 1.5 ಅಂತ ಇಟ್ಟುಕೊಳ್ಳೋಣ. (ಟರ್ಬೋ ಬೇರೆ. ಅದನ್ನು ತಿರುಗಿಸೋದು ಎಂಜಿನ್ನಿನ ಹೊಗೆ. ತೆಳು ಗಾಳಿಯಲ್ಲಿ ಟರ್ಬೋ ಇನ್ನೂ ಜೋರಾಗಿ ತಿರುಗಿ ಸ್ವಲ್ಪ ನಷ್ಟ ತುಂಬಿಕೊಳ್ಳಬಲ್ಲದು. ನ್ಯೂಜಿಲೆಂಡಿನ ರಾಡ್ ಮಿಲನ್ 1994ರಲ್ಲಿ ಅಮೆರಿಕದ 4,302 ಮೀಟರ್ ಎತ್ತರದ ಪೈಕ್ಸ್ ಪೀಕ್ ಶಿಖರಕ್ಕೆ 10 ನಿಮಿಷ 4 ಸೆಕೆಂಡಿನಲ್ಲಿ ಹತ್ತಿ ದಾಖಲೆ ಮಾಡಿದ್ದು ಟರ್ಬೋ ಇದ್ದ ಟೊಯೋಟಾದಲ್ಲಿ.)

ಈಗ ಪೆನ್ಸಿಲ್ ತಗೊಳ್ಳಿ. ತಾಪಮಾನ ಎರಡೂ ಕಡೆ ಒಂದೇ ಅಂದುಕೊಳ್ಳೋಣ. ಒತ್ತಡವನ್ನು ಕಿಲೋಪ್ಯಾಸ್ಕಲ್‌ನಲ್ಲಿ ಅಳೆಯೋಣ.

ಪೆಟೋನಿ ಸಮುದ್ರದಂಡೆ: ಹೊರಗಿನ ಒತ್ತಡ ಸುಮಾರು 100. ಎಂಜಿನ್ನಿನೊಳಗೆ 100 × 1.5 = 150. 'ಬೂಸ್ಟ್' ಮೀಟರು ಹೊರಗಿಗಿಂತ ಒಳಗೆ ಎಷ್ಟು ಹೆಚ್ಚು ಅಂತ ತೋರಿಸುತ್ತೆ: 50.

ಡೆಸರ್ಟ್ ರೋಡ್: ಹೊರಗಿನ ಒತ್ತಡ ಸುಮಾರು 90. ಒಳಗೆ 90 × 1.5 = 135. ಬೂಸ್ಟ್ ಮೀಟರು: 45.

ಗಮನಿಸಿದ್ರಾ? ಮೀಟರಿನಲ್ಲಿ ಕಡಿಮೆಯಾಗಿದ್ದು 5. ನಿಜವಾಗಿ ಕಡಿಮೆಯಾಗಿದ್ದು 15.

ಯಾರೋ ಒಬ್ಬರು ಹಳೆಯ ಕಾರಿಗೆ ಸೂಪರ್‌ಚಾರ್ಜರ್ ಹಾಕಿಸಿದ್ದಾರೆ ಅಂದುಕೊಳ್ಳಿ. ಅವರ ಕಾರಿನ ಕಂಪ್ಯೂಟರಿಗೆ ಬೂಸ್ಟ್ ಸಂಖ್ಯೆ ಮಾತ್ರ ಗೊತ್ತು, ಹೊರಗಿನ ಒತ್ತಡ ಗೊತ್ತಿಲ್ಲ. ಎಷ್ಟು ಬೂಸ್ಟಿಗೆ ಎಷ್ಟು ಪೆಟ್ರೋಲ್ ಎಂಬ ಕೋಷ್ಟಕವನ್ನು ಪೆಟೋನಿಯಲ್ಲಿ ಕೂತು ಬರೆದಿದ್ದಾರೆ. ಡೆಸರ್ಟ್ ರೋಡಿನಲ್ಲಿ ಬೂಸ್ಟ್ 45 ಕಂಡ ಕೂಡಲೇ ಕಂಪ್ಯೂಟರ್ "ಒಳಗೆ 100 + 45 = 145 ಇದೆ" ಅಂದುಕೊಂಡು ಅಷ್ಟಕ್ಕೆ ಪೆಟ್ರೋಲ್ ಸುರಿಯುತ್ತೆ. ಇರೋದು 135 ಮಾತ್ರ. ಅನುಪಾತ 12 ಆಗಬೇಕಿತ್ತು, 12 × 135 ÷ 145 ಆಗುತ್ತೆ. ಅಂದರೆ 11.2.

"ಪೆಟ್ರೋಲ್ ಜಾಸ್ತಿಯಾಯ್ತು, ಕಮ್ಮಿ ಮಾಡೋಣ" ಅಂತ ಅಲ್ಲೇ ಲ್ಯಾಪ್‌ಟಾಪ್ ತೆಗೆದು 45ರ ಸಾಲಿನಲ್ಲಿ ಶೇಕಡಾ 7ರಷ್ಟು ಇಳಿಸಿದರೆ ಮೀಟರು ಸರಿಯಾಗಿ 12 ತೋರಿಸುತ್ತೆ, ಮನಸ್ಸಿಗೂ ಸಮಾಧಾನ. ಆದರೆ ವಾಪಸ್ ಹಟ್ ಕಣಿವೆಗೆ ಬಂದು ಅದೇ 45 ಬೂಸ್ಟಿನಲ್ಲಿ ಓಡಿಸಿದಾಗ ಒಳಗೆ ನಿಜವಾಗಿ 145 ಗಾಳಿ ಇರುತ್ತೆ, ಪೆಟ್ರೋಲ್ ಮಾತ್ರ ಕಡಿಮೆ. ಅನುಪಾತ 12.9ಕ್ಕೆ ಏರುತ್ತೆ. ಬೆಟ್ಟದ ಮೇಲಿನ 11.2ರಿಂದ ಸ್ವಲ್ಪ ಪೆಟ್ರೋಲ್ ದಂಡವಾಗುತ್ತಿತ್ತು, ಕಪ್ಪು ಹೊಗೆ ಬರುತ್ತಿತ್ತು. ಕೆಳಗಿನ 12.9ರಿಂದ ಎಂಜಿನ್ನೇ ಹೋಗಬಹುದು. ಸರಿಯಾದ ಪರಿಹಾರ ಕೋಷ್ಟಕವನ್ನು ತಿದ್ದೋದಲ್ಲ, ಕಂಪ್ಯೂಟರಿಗೆ ಒಳಗಿನ ಪೂರ್ತಿ ಒತ್ತಡ ತಿಳಿಸುವ ಸೆನ್ಸರ್ ಕೊಡೋದು. ಈಗಿನ ಕಾರುಗಳಲ್ಲಿ ಆ ಒತ್ತಡವನ್ನೋ ಗಾಳಿಯ ತೂಕವನ್ನೋ ಅಳೆಯುವ ಸೆನ್ಸರ್ ಮೊದಲೇ ಇರುತ್ತೆ. ಅದಕ್ಕೇ ನಿಮ್ಮ ಮನೆಯ ಕಾರು ಬೆಟ್ಟ ಹತ್ತಿದರೂ ತಕರಾರು ಮಾಡಲ್ಲ, ಶಕ್ತಿ ಸ್ವಲ್ಪ ಕಡಿಮೆಯಾಗುತ್ತೆ ಅಷ್ಟೇ.

ಅಪ್ಪ ಅಮ್ಮಂದಿರಿಗೂ ಎರಡು ಮಾತು. ಈ ಮೀಟರಿನ ಸೆನ್ಸರ್ ಕೂತಿರೋದು ಹೊಗೆ ಕೊಳವೆಯಲ್ಲಿ. ಅದು ಪೆಟ್ರೋಲನ್ನು ಅಳೆಯಲ್ಲ, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ನೋಡಿ ಅಂದಾಜು ಹೇಳುತ್ತೆ. ಹಾಗಾಗಿ ಸ್ಪಾರ್ಕ್ ಪ್ಲಗ್ ಕೆಟ್ಟು ಕಿಡಿ ಹಾರದಿದ್ದರೆ ಗಾಳಿ ಉರಿಯದೇ ಹೊರಬರುತ್ತೆ. ಪೆಟ್ರೋಲ್ ಸಾಕಷ್ಟಿದ್ದರೂ ಮೀಟರು 'ಲೀನ್' ಅನ್ನುತ್ತೆ! ಆಗ ಪೆಟ್ರೋಲ್ ಹೆಚ್ಚಿಸಿದರೆ ತೊಂದರೆಯೂ ಹೆಚ್ಚುತ್ತೆ. ಹಾಗೇ ರೆಮುಟಾಕಾ ಇಳಿಯುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಕಂಪ್ಯೂಟರ್ ಪೆಟ್ರೋಲನ್ನೇ ನಿಲ್ಲಿಸುತ್ತೆ. ಮೀಟರಿನ ಮುಳ್ಳು ಲೀನ್ ತುದಿಗೆ ಹೋಗಿ ನಿಲ್ಲುತ್ತೆ. ಅದಕ್ಕೆ ಗಾಬರಿಯಾಗಬೇಕಿಲ್ಲ.

ನಾನು ದಿನವೂ ಸಾಫ್ಟ್‌ವೇರ್ ಬರೆಯೋನು. ಅಲ್ಲೂ ಇದೇ ನಿಯಮ: ಪರದೆ ಮೇಲಿನ ಸಂಖ್ಯೆ ತಪ್ಪು ಕಂಡರೆ ಮೊದಲು ಕೇಳಬೇಕಾದ್ದು "ಇದನ್ನು ಹೇಗೆ ಬದಲಾಯಿಸಲಿ" ಅಂತ ಅಲ್ಲ, "ಇದು ಯಾವುದರಿಂದ ಬಂತು" ಅಂತ. ಅನುಪಾತ ಅಂದರೆ ಒಂದನ್ನು ಇನ್ನೊಂದರಿಂದ ಭಾಗಿಸಿದ ಉತ್ತರ. ಮೇಲಿನದು ಬದಲಾಯ್ತೋ ಕೆಳಗಿನದು ಬದಲಾಯ್ತೋ, ಉತ್ತರ ಒಂದನ್ನೇ ನೋಡಿದರೆ ತಿಳಿಯಲ್ಲ.

ಮನೆಗೆಲಸ: ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ, ಸುಮಾರು 1,930 ಮೀಟರ್. ಅಲ್ಲಿ ಹೊರಗಿನ ಒತ್ತಡ ಸುಮಾರು 80. ಇದೇ ಕಾರು ಅಲ್ಲಿಗೆ ಹೋದರೆ ಬೂಸ್ಟ್ ಎಷ್ಟು? ಹಳೆಯ ಕೋಷ್ಟಕದ ಪ್ರಕಾರ ಅನುಪಾತ ಎಷ್ಟಾಗುತ್ತೆ? ಲೆಕ್ಕ ಮಾಡಿದ ಮೇಲಷ್ಟೇ ಕೆಳಗೆ ನೋಡಿ.

ಉತ್ತರ: ಬೂಸ್ಟ್ 40. ಅನುಪಾತ 12 × 120 ÷ 140, ಅಂದರೆ ಸುಮಾರು 10.3.