ಹಳೆಯ ಗಣಕಯಂತ್ರಕ್ಕೆ ಇನ್ನಷ್ಟು ಹಾರ್ಡ್ ಡಿಸ್ಕುಗಳು

ನಮ್ಮ ಪ್ರಯೋಗಶಾಲೆಯ ಎರಡು ಹಳೆಯ ಗಣಕಯಂತ್ರಗಳಲ್ಲಿ ಒಂದು ಕೆಟ್ಟುನಿಂತಿತು. ವಿದ್ಯಾರ್ಥಿಗಳು ಹಲವು ವರ್ಷ ಕಲೆಹಾಕಿದ್ದ ಅಳತೆಗಳೆಲ್ಲ ಅದರೊಳಗಿನ 500 ಗಿಗಾಬೈಟಿನ ಡಿಸ್ಕಿನಲ್ಲಿದ್ದವು. ಬೇರೆ ಪ್ರತಿ ಇರಲಿಲ್ಲ. ಡಿಸ್ಕು ಇನ್ನೂ ತಿರುಗುತ್ತಿತ್ತಾದರೂ ಆಗಾಗ ಟಿಕ್ ಟಿಕ್ ಎಂದು ಸದ್ದುಮಾಡುತ್ತಿತ್ತು. ಇಂಥ ಡಿಸ್ಕು ಇನ್ನೆಷ್ಟು ಗಂಟೆ ಬಾಳೀತೆಂದು ಹೇಳಲಾಗದು. ಅದನ್ನೂ ಹೊಸದೊಂದನ್ನೂ ಉಳಿದ ಯಂತ್ರಕ್ಕೆ ಜೋಡಿಸಿ ಬೇಗನೆ ನಕಲು ಮಾಡಿಕೊಳ್ಳಬೇಕಾಗಿತ್ತು. ಆದರೆ ಆ ಯಂತ್ರದ ಮದರ್‌ಬೋರ್ಡಿನಲ್ಲಿ ಇದ್ದ ಸಾಟಾ ಸಾಕೆಟ್ಟುಗಳು ಎರಡೇ. ಒಂದರಲ್ಲಿ ಅದರ ಸ್ವಂತ ಡಿಸ್ಕು, ಇನ್ನೊಂದರಲ್ಲಿ ಡಿವಿಡಿ ಡ್ರೈವು.

ಸಾಕೆಟ್ಟುಗಳನ್ನು ಹೆಚ್ಚಿಸುವ ಕಾರ್ಡುಗಳು ಅಂಗಡಿಯಲ್ಲಿ ದೊರೆಯುತ್ತವೆ. ಅಂಥದೊಂದನ್ನು ಖಾಲಿಯಿದ್ದ ಪಿಸಿಐ ಸ್ಲಾಟಿನಲ್ಲಿ ಕೂರಿಸಿ, ಎರಡು ಡಿಸ್ಕುಗಳನ್ನೂ ಅದಕ್ಕೇ ಜೋಡಿಸಿದೆವು. ನಕಲು ಸಾಗಿದ ವೇಗ ಸೆಕೆಂಡಿಗೆ ಸುಮಾರು 45 ಮೆಗಾಬೈಟ್ ಮಾತ್ರ! ಸಾಟಾದ ಮೊದಲ ಪೀಳಿಗೆಯ ವೇಗವೇ ಸೆಕೆಂಡಿಗೆ 1.5 ಗಿಗಾಬಿಟ್. ಪ್ರತಿ 8 ಬಿಟ್ಟುಗಳನ್ನು 10 ಬಿಟ್ಟುಗಳಾಗಿ ಮಾರ್ಪಡಿಸಿ ಕಳಿಸುವುದರಿಂದ ಇದು 150 ಮೆಗಾಬೈಟಿಗೆ ಸಮ. ಉಳಿದ ವೇಗ ಎಲ್ಲಿ ಸೋರಿಹೋಯಿತು?

ಕೇಬಲ್ಲಿನಲ್ಲಂತೂ ಅಲ್ಲ. ಸಾಟಾ ಕೇಬಲ್ಲು ನಿಜಕ್ಕೂ ಸೊಗಸಾದ ರಚನೆ. ಹಿಂದಿನ ಅಗಲವಾದ ಪಟ್ಟಿಕೇಬಲ್ಲಿನಲ್ಲಿ 16 ಬಿಟ್ಟುಗಳು 16 ತಂತಿಗಳಲ್ಲಿ ಏಕಕಾಲಕ್ಕೆ ಹೊರಟು ಏಕಕಾಲಕ್ಕೆ ತಲುಪಬೇಕಾಗಿತ್ತು. ವೇಗ ಹೆಚ್ಚಿದಂತೆಲ್ಲ ಒಂದೆರಡು ಬಿಟ್ಟುಗಳು ತುಸು ತಡವಾದರೂ ಎಡವಟ್ಟಾಗುತ್ತಿತ್ತು. ಒಂದು ತಂತಿಯ ಸಂಕೇತ ಪಕ್ಕದ ತಂತಿಯನ್ನೂ ಕಲಕುತ್ತಿತ್ತು. ಆ ವ್ಯವಸ್ಥೆ 133 ಮೆಗಾಬೈಟಿಗೇ ನಿಂತುಹೋಯಿತು. 2003ರಲ್ಲಿ ಬಂದ ಸಾಟಾದಲ್ಲಿ ತಂತಿಗಳು ಏಳೇ: ಮೂರು ಭೂಸಂಪರ್ಕಕ್ಕೆ, ಉಳಿದ ನಾಲ್ಕು ಎರಡು ಜೋಡಿಗಳಾಗಿ, ಹೋಗಲೊಂದು ಬರಲೊಂದು. ಜೋಡಿಯ ಒಂದು ತಂತಿಯಲ್ಲಿ ವೋಲ್ಟೇಜು ಏರಿದಾಗ ಇನ್ನೊಂದರಲ್ಲಿ ಇಳಿಯುತ್ತದೆ. ಗ್ರಾಹಕವು ಇವೆರಡರ ವ್ಯತ್ಯಾಸವನ್ನಷ್ಟೇ ಗಮನಿಸುತ್ತದೆ. ಹೊರಗಿನ ಗದ್ದಲ ಎರಡನ್ನೂ ಸಮವಾಗಿ ತಟ್ಟುವುದರಿಂದ ವ್ಯವಕಲನದಲ್ಲಿ ಅದು ಅಳಿದುಹೋಗುತ್ತದೆ. ಈಗಿನ 6 ಗಿಗಾಬಿಟ್ ವೇಗದಲ್ಲಿ ಒಂದು ಬಿಟ್ಟಿನ ಅವಧಿ ನ್ಯಾನೋಸೆಕೆಂಡಿನ ಆರನೆಯ ಒಂದು ಭಾಗ. ತಂತಿಯಲ್ಲಿ ಸಂಕೇತದ ವೇಗ ಬೆಳಕಿನ ವೇಗದ ಮೂರನೆಯ ಎರಡರಷ್ಟೆಂದು ಹಿಡಿದರೆ, ಬಿಟ್ಟಿನ ಉದ್ದ ಸುಮಾರು 3.3 ಸೆಂಟಿಮೀಟರ್. ಅರ್ಧ ಮೀಟರಿನ ಕೇಬಲ್ಲಿನಲ್ಲಿ ಯಾವ ಕ್ಷಣದಲ್ಲಿಯೂ ಹದಿನೈದು ಬಿಟ್ಟುಗಳು ದಾರಿಯಲ್ಲಿಯೇ ಇರುತ್ತವೆ! ವಾಚಕರು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು.

ಅಡಚಣೆಯಿದ್ದುದು ಕಾರ್ಡಿನ ಹಿಂದೆ. ಪಿಸಿಐ ಮಾರ್ಗ ಒಂದು ಸಲಕ್ಕೆ 32 ಬಿಟ್ಟುಗಳನ್ನು, ಅಂದರೆ 4 ಬೈಟುಗಳನ್ನು, ಸೆಕೆಂಡಿಗೆ 33.3 ದಶಲಕ್ಷ ಸಲ ಸಾಗಿಸಬಲ್ಲದು. ಗುಣಿಸಿದರೆ 133 ಮೆಗಾಬೈಟ್. ಆ ಮಾರ್ಗದ ಸ್ಲಾಟುಗಳಲ್ಲಿರುವ ಕಾರ್ಡುಗಳೆಲ್ಲ ಇದನ್ನೇ ಹಂಚಿಕೊಳ್ಳಬೇಕು. ಕಾಲುವೆ ಒಂದೇ ಇರುವಾಗ ತೂಬುಗಳನ್ನು ಹೆಚ್ಚಿಸಿದರೆ ನೀರು ಹೆಚ್ಚುವುದೆ? ನಮ್ಮ ಜೋಡಣೆಯಲ್ಲಿ ಇನ್ನೂ ಒಂದು ಅವಿವೇಕವಿತ್ತು. ಪ್ರತಿ ಬೈಟೂ ಹಳೆಯ ಡಿಸ್ಕಿನಿಂದ ಸ್ಮೃತಿಗೆ ಹೋಗುವಾಗ ಒಮ್ಮೆ, ಸ್ಮೃತಿಯಿಂದ ಹೊಸ ಡಿಸ್ಕಿಗೆ ಬರುವಾಗ ಮತ್ತೊಮ್ಮೆ ಅದೇ ಮಾರ್ಗದಲ್ಲಿ ಸಾಗುತ್ತಿತ್ತು. ಆದುದರಿಂದ ಲೆಕ್ಕದಲ್ಲಿಯೇ 66ಕ್ಕೆ ಇಳಿದು, ವ್ಯವಹಾರದಲ್ಲಿ ಇನ್ನೂ ಕಡಮೆಯಾಗಿತ್ತು.

ನಕಲನ್ನು ನಿಲ್ಲಿಸಿ, ಯಂತ್ರವನ್ನು ಆರಿಸಿ, ಡಿವಿಡಿ ಡ್ರೈವಿನ ಕೇಬಲ್ಲನ್ನು ಕಿತ್ತು ಹಳೆಯ ಡಿಸ್ಕಿಗೆ ಹಾಕಿದೆವು. ಮದರ್‌ಬೋರ್ಡಿನ ಸ್ವಂತ ಸಾಕೆಟ್ಟುಗಳು ಪಿಸಿಐ ಮಾರ್ಗವನ್ನು ಬಳಸುವುದಿಲ್ಲ. ಈಗ ಬೈಟುಗಳು ಆ ಮಾರ್ಗದಲ್ಲಿ ಒಮ್ಮೆ ಮಾತ್ರ ಸಾಗಿದರೆ ಸಾಕಾಯಿತು. ವೇಗ 80ಕ್ಕೆ ಏರಿತು. ಒಂದು ರೂಪಾಯಿಯ ಖರ್ಚೂ ಇಲ್ಲ.

ಕಾರ್ಡನ್ನು ಕೊಳ್ಳುವವರು ಪಿಸಿಐ ಎಕ್ಸ್‌ಪ್ರೆಸ್ ಜಾತಿಯದನ್ನೇ ಆರಿಸುವುದು ಲೇಸು. ಅದರ ಪ್ರತಿ ಸ್ಲಾಟಿಗೂ ಪ್ರತ್ಯೇಕ ತಂತಿಜೋಡಿಗಳುಂಟು. ಅತಿ ಚಿಕ್ಕ ಸ್ಲಾಟು ಕೂಡ ಮೊದಲ ಪೀಳಿಗೆಯಲ್ಲಿ 250, ಎರಡನೆಯದರಲ್ಲಿ 500 ಮೆಗಾಬೈಟುಗಳನ್ನು ಸಾಗಿಸುತ್ತದೆ. ನಮ್ಮ ಯಂತ್ರದಲ್ಲಿಯೂ ಅದೊಂದು ಖಾಲಿಯಿತ್ತು; ಹೊಂದುವ ಕಾರ್ಡು ಅಂದು ಕೈಯಲ್ಲಿರಲಿಲ್ಲ. ವಿದ್ಯುತ್ತಿನ ವಿಚಾರವನ್ನೂ ಮರೆಯತಕ್ಕದ್ದಲ್ಲ. ತಿರುಗಲು ತೊಡಗುವಾಗ ದೊಡ್ಡ ಡಿಸ್ಕೊಂದು 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್, ಎಂದರೆ 24 ವ್ಯಾಟ್, ಎಳೆಯುತ್ತದೆ. ನಾಲ್ಕು ಡಿಸ್ಕುಗಳು ಒಟ್ಟಿಗೆ ಎದ್ದರೆ ಹಳೆಯ ಪವರ್ ಸಪ್ಲೈ ಮುಗ್ಗರಿಸೀತು.

ನಮ್ಮ ನಕಲು ಸಂಜೆ ಪ್ರಯೋಗಶಾಲೆಗೆ ಬೀಗ ಹಾಕುವ ಮೊದಲೇ ಮುಗಿಯಿತು. ಮೂರನೆಯ ದಿನ ಹಳೆಯ ಡಿಸ್ಕು ತಿರುಗಲೇ ಇಲ್ಲ.