ಕೆರೆಯ ರೋಹು ಮರಿ ಮಾಡುವುದಿಲ್ಲ ಏಕೆ?

ಕೆರೆ ಗುತ್ತಿಗೆ ಹಿಡಿದ ಸಂಘದ ಸಹೋದರಿಯರು ನಮ್ಮನ್ನು ಕೇಳುವುದುಂಟು: ‘ರೋಹು ಹೊಟ್ಟೆ ತುಂಬಾ ಮೊಟ್ಟೆ ಇದೆ, ಮರಿ ಮಾತ್ರ ಕಾಣೋದಿಲ್ವಲ್ಲಾ?’

ರೋಹು ಮೂಲತಃ ಗಂಗೆಯಂಥ ಹರಿಯುವ ನದಿಯ ಮೀನು. ಸುಮಾರು ಎರಡು ವರ್ಷಕ್ಕೆ, ಮೊಳದುದ್ದ ಬೆಳೆದಾಗ, ಅದು ಮೊಟ್ಟೆಗೆ ಬರುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ನೆರೆ ನೀರು ದಡ ಹತ್ತಿದಾಗ ಆಳವಿಲ್ಲದ ಕಡೆ ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ನಿಂತ ನೀರಲ್ಲಾದರೆ ಮೊಟ್ಟೆ ಬಲಿತರೂ ಹೊರಬರುವುದಿಲ್ಲ, ಮೈಯಲ್ಲೇ ಕರಗಿಹೋಗುತ್ತದೆ. ಎಷ್ಟು ವರ್ಷ ಕಾದರೂ ಅಷ್ಟೇ!

1957ರಲ್ಲಿ ಕಟಕ್‌ನಲ್ಲಿ ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಗೆಂಡೆ ಮೀನುಗಳಿಂದ ಮೊಟ್ಟೆ ಇಡಿಸಿದರು. ಇಂದಿನ ಮರಿ ಉತ್ಪಾದನಾ ಕೇಂದ್ರಗಳ ದಾರಿ ಅದೇ.

ಹಾಗಾಗಿ ಮೀನು ಹಿಡಿದು ಮಾರಿದ ಮೇಲೆ ಮತ್ತೆ ಮರಿ ಕೊಂಡೇ ಬಿಡಬೇಕು. ಲಾಭ ಹಂಚುವ ಮೊದಲೇ ಆ ಹಣ ಎತ್ತಿಡಿ. ಬೆರಳುದ್ದದ ಮರಿಯನ್ನೇ ಕೇಳಿ, ತೀರಾ ಚಿಕ್ಕದನ್ನು ಕೊರವ ಮೀನು ನುಂಗಿಬಿಡುತ್ತದೆ.