ಪಿಕಪ್ಪಿಗೆ ಮರುಳಾಗುವ ಮುನ್ನ ಬಾನೆಟ್ ಮುಟ್ಟಿ ನೋಡಿ!

‘ಅಮ್ಮಾ, ಒಳ್ಳೇ ಕಾರು ಸಿಕ್ಕಿದೆ. ಸೆಕೆಂಡ್ ಹ್ಯಾಂಡ್ ಅಷ್ಟೆ. ಟರ್ಬೋ ಇಂಜಿನ್ನು, ಪಿಕಪ್ ನೋಡ್ಬೇಕು ನೀನು! ಇನ್ನೆರಡು ಲಕ್ಷ ಇದ್ರೆ ಸಾಕು...’

ನಿಮ್ಮ ಮನೆಯಲ್ಲೂ ಈ ಮಾತು ಕೇಳಿಬಂದಿದೆಯೇ? ಮಗ ಕಾರಿನ ಫೋಟೋ ತೋರಿಸುತ್ತಾನೆ, ಯಜಮಾನರು ಕನ್ನಡಕ ಸರಿಮಾಡಿಕೊಂಡು ನೋಡುತ್ತಾರೆ, ಇಬ್ಬರ ಕಣ್ಣೂ ಕೊನೆಗೆ ನಿಮ್ಮ ಎಫ್‌ಡಿ ಮೇಲೆ ಬೀಳುತ್ತದೆ. ದುಡ್ಡು ಕೇಳುವಾಗ ನೀವು ಬೇಕು. ಕಾರು ನೋಡಲು ಹೋಗುವಾಗ ಮಾತ್ರ ‘ನಿಂಗೇನು ಗೊತ್ತಾಗುತ್ತೆ?’ ಎಂಬ ಮಾತು!

ಗೊತ್ತಾಗುತ್ತದೆ, ಖಂಡಿತ ಗೊತ್ತಾಗುತ್ತದೆ. ಬದನೆಕಾಯಿ ತಿರುಗಿಸಿ ಹುಳುಕು ಹುಡುಕುವ ಕಣ್ಣಿಗೆ ಕಾರಿನ ಹುಳುಕು ಕಾಣುವುದು ಕಷ್ಟವಲ್ಲ. ಎಲ್ಲಿ ನೋಡಬೇಕು ಅನ್ನುವುದು ತಿಳಿದಿದ್ದರಾಯಿತು.

ದೇವಿಮನೆ ಘಾಟಿಯ ಆ ಸಂಜೆ

ನನ್ನ ನಾದಿನಿಯ ಮನೆ ಸಿದ್ದಾಪುರ ತಾಲ್ಲೂಕಿನ ಕೋಲಸಿರ್ಸಿಯ ಕಡೆ. ಸ್ವಲ್ಪ ಅಡಿಕೆ ತೋಟ, ವಯಸ್ಸಾದ ಅತ್ತೆ, ಬೆಂಗಳೂರಿನಲ್ಲಿ ಕೆಲಸಕ್ಕಿರುವ ಒಬ್ಬನೇ ಮಗ. ಕೆಲವು ವರ್ಷಗಳ ಹಿಂದೆ ಅವನು ಬೆಂಗಳೂರಿನಲ್ಲೇ ಒಂದು ಟರ್ಬೋ ಕಾರು ಕೊಂಡ. ಆಟೋಮ್ಯಾಟಿಕ್ ಗೇರು, ಕೆಂಪು ಬಣ್ಣ, ಹೊಳೆಯುವ ಚಕ್ರ. ಮನೆಯ ಮಾಡು ರಿಪೇರಿಗೆಂದು ಎತ್ತಿಟ್ಟಿದ್ದ ಅಡಿಕೆಯ ದುಡ್ಡೂ ಅದಕ್ಕೇ ಹೋಯಿತು.

ಆ ಮಳೆಗಾಲದಲ್ಲಿ ಅಜ್ಜಿಯನ್ನು ಹೃದಯದ ತಪಾಸಣೆಗೆ ಮಣಿಪಾಲಕ್ಕೆ ಕರೆದುಕೊಂಡು ಹೋದರು. ವಾಪಸು ಬರುವಾಗ ಕುಮಟಾ ದಾಟಿ ದೇವಿಮನೆ ಘಾಟಿ ಹತ್ತುತ್ತಿದ್ದಾರೆ. ಮುಂದೆ ಲಾರಿಗಳ ಸಾಲು. ಹತ್ತಡಿ ಹೋಗುವುದು, ನಿಲ್ಲುವುದು, ಮತ್ತೆ ಹತ್ತಡಿ. ಗೇರ್‌ಬಾಕ್ಸ್ ಬಿಸಿಯಾಗಿ ಎಚ್ಚರಿಕೆಯ ದೀಪ ಹೊತ್ತಿಕೊಂಡಿತು. ಆಮೇಲೆ ಕಾರು ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಧೋ ಎಂದು ಮಳೆ, ಮೊಬೈಲಿಗೆ ಸಿಗ್ನಲ್ ಇಲ್ಲ, ಹಿಂದಿನ ಸೀಟಿನಲ್ಲಿ ಏದುಸಿರು ಬಿಡುತ್ತಿರುವ ಅಜ್ಜಿ. ಎರಡು ತಾಸಿನ ನಂತರ ಪುಣ್ಯಾತ್ಮರೊಬ್ಬರು ಜೀಪಿನಲ್ಲಿ ಶಿರಸಿಗೆ ತಲುಪಿಸಿದರು. ಕಾರನ್ನು ಹುಬ್ಬಳ್ಳಿಗೆ ಎತ್ತಿಕೊಂಡು ಹೋಗಬೇಕಾಯಿತು. ರಿಪೇರಿಗೆ ಅವರು ಹೇಳಿದ ಮೊತ್ತ ಕೇಳಿ ನಾದಿನಿ ಅಲ್ಲೇ ಕುಸಿದು ಕೂತಳಂತೆ.

ನಮ್ಮ ಕಡೆ ಕಾರು ಅಂದರೆ ಬರೀ ಶೋಕಿಯಲ್ಲ, ನೋಡಿ. ದೊಡ್ಡ ಕಾಯಿಲೆ ಬಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದವರು ಹುಬ್ಬಳ್ಳಿಗೋ ಮಣಿಪಾಲಕ್ಕೋ ಮಂಗಳೂರಿಗೋ ಓಡಬೇಕು. ಕುಮಟಾ ದಾರಿಗೆ ದೇವಿಮನೆ, ಅಂಕೋಲಾ ದಾರಿಗೆ ಅರಬೈಲು, ಎಲ್ಲ ಕಡೆ ಘಾಟಿ. ಹಾಗಾಗಿ ‘ಎಷ್ಟು ಸ್ಪೀಡ್ ಹೋಗುತ್ತೆ?’ ಎಂಬುದು ಎರಡನೇ ಪ್ರಶ್ನೆ. ‘ಹೋದ ಹಾಗೇ ತಿರುಗಿ ಮನೆಗೆ ಬರುತ್ತಾ?’ ಎಂಬುದು ಮೊದಲನೆಯದು.

ಟರ್ಬೋ ಅಂದರೆ ಏನು?

ಗಾಬರಿ ಬೇಡ, ಒಲೆ ಊದುವ ಕೊಳವೆ ಗೊತ್ತಲ್ಲ, ಅದೇ ತತ್ವ. ಊದಿದರೆ ಗಾಳಿ ಹೆಚ್ಚು ಸಿಕ್ಕಿ ಬೆಂಕಿ ಧಗಧಗ ಉರಿಯುತ್ತದೆ. ಇಂಜಿನ್ನಿನ ಹೊಗೆಯ ರಭಸದಿಂದಲೇ ತಿರುಗುವ ಪುಟ್ಟ ಚಕ್ರವೊಂದು ಇಂಜಿನ್ನಿನೊಳಗೆ ಹೆಚ್ಚು ಗಾಳಿ ತುರುಕುತ್ತದೆ. ಅದಕ್ಕೇ ಸಣ್ಣ ಇಂಜಿನ್ನಿಗೂ ಅಷ್ಟು ಪಿಕಪ್ಪು. ಈ ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದರ ಜೀವ ಇರುವುದು ಇಂಜಿನ್ ಆಯಿಲ್‌ನಲ್ಲಿ. ಹಿಂದಿನ ಮಾಲೀಕ ಹೊತ್ತಿಗೆ ಸರಿಯಾಗಿ, ಕಂಪನಿ ಹೇಳಿದ ಆಯಿಲ್‌ನ್ನೇ ಬದಲಿಸಿದ್ದರೆ ಅದು ಬಹಳ ಕಾಲ ಬಾಳುತ್ತದೆ. ಉಳಿತಾಯ ಮಾಡಲು ಹೋಗಿದ್ದರೆ ಆ ಉಳಿತಾಯದ ಬಿಲ್ಲು ನಿಮ್ಮ ಕೈಗೆ ಬರುತ್ತದೆ!

ನಮ್ಮಲ್ಲಿ ಹುಡುಗರು ಹುಡುಕುವ ಹೆಸರುಗಳು ಕೆಲವೇ. 2013ರಲ್ಲಿ ಬಂದ ಪೋಲೋ ಜಿಟಿ ಟಿಎಸ್‌ಐ, 2015ರ ಅಬಾರ್ಥ್ ಪುಂಟೊ, 2017ರ ಬಲೆನೊ ಆರ್‌ಎಸ್, 2021ರ ಐ20 ಎನ್ ಲೈನ್, ಇನ್ನೂ ಹಳೆಯದು ಬೇಕೆಂದರೆ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. ಇವುಗಳಲ್ಲಿ ಚೆನ್ನಾಗಿ ಸಾಕಿದ ಗಾಡಿಗಳೂ ಸಿಗುತ್ತವೆ, ಸುಳ್ಳಲ್ಲ. ಆದರೆ ಒಂದು ವಿಷಯ ಕೇಳಲೇಬೇಕು: ‘ಇದರ ಬಿಡಿಭಾಗ ಎಲ್ಲಿ ಸಿಗುತ್ತೆ?’ ಫೋರ್ಡ್ ಕಂಪನಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ 2021ರಲ್ಲೇ ಹೇಳಿತು. ಇಲ್ಲಿ ಪೋಲೋ ತಯಾರಿಕೆ 2022ರಲ್ಲಿ ನಿಂತಿತು. ಕೊಳ್ಳುವ ಮೊದಲು ಹುಬ್ಬಳ್ಳಿ ಅಥವಾ ಶಿವಮೊಗ್ಗದ ಸರ್ವೀಸ್ ಸೆಂಟರಿಗೆ ಒಂದು ಫೋನ್ ಮಾಡಿ. ಕ್ಲಚ್ಚು, ಟರ್ಬೋ, ಗೇರ್‌ಬಾಕ್ಸ್ ರಿಪೇರಿಗೆ ಎಷ್ಟು, ಸಾಮಾನು ಬರಲು ಎಷ್ಟು ದಿನ ಎಂದು ಕೇಳಿ ಬರೆದುಕೊಳ್ಳಿ. ಗೇರ್‌ಬಾಕ್ಸ್‌ನ ಖರ್ಚು ಲಕ್ಷ ದಾಟುವುದೂ ಉಂಟು.

ಕಣ್ಣು, ಮೂಗು, ಕಿವಿಗೆ ಕೆಲಸ ಕೊಡಿ

ಕಾರು ನೋಡಲು ಬೆಳಿಗ್ಗೆ ಬೇಗ ಹೋಗಿ. ಹೋದವರೇ ಬಾನೆಟ್ ಮೇಲೆ ಕೈಯಿಡಿ. ತಣ್ಣಗಿರಬೇಕು. ರಾತ್ರಿಯಿಡೀ ನಿಂತು ತಣ್ಣಗಾದ ಇಂಜಿನ್ ಸ್ಟಾರ್ಟ್ ಮಾಡುವಾಗಲೇ ಅದರ ನಿಜ ಸ್ಥಿತಿ ಗೊತ್ತಾಗುವುದು. ನೀವು ಬರುವ ಮೊದಲೇ ಬಿಸಿ ಮಾಡಿಟ್ಟಿದ್ದಾರೆಂದರೆ ಏನನ್ನೋ ಮುಚ್ಚುತ್ತಿರಬಹುದು.

ಒಬ್ಬರು ಸ್ಟಾರ್ಟ್ ಮಾಡಲಿ, ನೀವು ಹಿಂದೆ ನಿಂತು ಹೊಗೆ ನೋಡಿ. ಚಳಿಯ ಬೆಳಿಗ್ಗೆ ತೆಳ್ಳಗೆ ಬಿಳಿ ಆವಿ ಬಂದು ಮಾಯವಾದರೆ ಚಿಂತೆಯಿಲ್ಲ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ದಟ್ಟ ಬಿಳಿ ಹೊಗೆ ನಿಲ್ಲದೇ ಬರುತ್ತಿದ್ದರೆ ಕೂಲೆಂಟ್ ಒಳಗೆ ಸೋರುತ್ತಿರಬಹುದು. ಆಯಿಲ್ ಹಾಕುವ ಮುಚ್ಚಳ ತೆಗೆದು ತಿರುಗಿಸಿ ನೋಡಿ. ಹಾಲು ಹಾಕಿದ ಕಾಫಿಯ ಬಣ್ಣದ ಕೆನೆ ಅಂಟಿದ್ದರೆ ಮೆಕ್ಯಾನಿಕ್ ಪರೀಕ್ಷಿಸದೇ ಮುಂದುವರಿಯಬೇಡಿ. (ಎಚ್ಚರ! ಇಂಜಿನ್ ಬಿಸಿಯಿದ್ದಾಗ ರೇಡಿಯೇಟರ್ ಅಥವಾ ಕೂಲೆಂಟ್ ಮುಚ್ಚಳ ತೆಗೆಯಲೇಬೇಡಿ. ಕುದಿನೀರು ಮುಖಕ್ಕೆ ಹಾರುತ್ತದೆ.)

ಇನ್ನು ಮೂಗು. ಬಾಗಿಲು ತೆರೆದ ಕೂಡಲೇ ಮುಗ್ಗಲು ವಾಸನೆ ಬಂತೇ? ಅಥವಾ ಅದನ್ನು ಮುಚ್ಚಲು ಸೆಂಟು ಘಮ್ಮೆನ್ನುತ್ತಿದೆಯೇ? ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆಯಿರಿ. ತುದಿಯಲ್ಲಿ ಕೆಸರಿನ ಕಲೆ, ಸೀಟಿನಡಿಯ ಕಂಬಿಗೆ ತುಕ್ಕು, ಕಾರ್ಪೆಟ್ಟಿನ ಕೆಳಗೆ ತೇವ ಇದ್ದರೆ ಅದು ನೆರೆಯಲ್ಲಿ ಮುಳುಗಿದ ಗಾಡಿ ಇರಬಹುದು. 2018ರ ಕೇರಳ ನೆರೆ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತ ತುಂಬಿದ ನೀರು ನೆನಪಿದೆಯಲ್ಲ? ಮುಳುಗಿದ ಕಾರು ತೊಳೆದು ಒರೆಸಿದರೆ ಹೊಸದರಂತೆ ಕಾಣುತ್ತದೆ. ವೈರಿಂಗ್ ತೊಂದರೆ ಶುರುವಾಗುವುದು ತಿಂಗಳುಗಳ ನಂತರ. ನಮ್ಮ ಮಲೆನಾಡಿನ ಗಾಡಿಯಾದರೆ ಇನ್ನೊಂದು ಕಾಟವಿದೆ, ಇಲಿ! ಕೊಟ್ಟಿಗೆ, ಅಡಿಕೆ ಮಂಡಿ ಪಕ್ಕ ನಿಂತ ಕಾರಿನ ವೈರು ಕಡಿದಿರುತ್ತದೆ. ಟಾರ್ಚ್ ಹಿಡಿದು ನೋಡಿ.

ಮೀಟರ್ ನಲವತ್ತು ಸಾವಿರ ಕಿಲೋಮೀಟರ್ ತೋರಿಸುತ್ತಿದೆ, ಆದರೆ ಬ್ರೇಕ್ ಪೆಡಲ್ಲಿನ ರಬ್ಬರ್ ಸವೆದು ನುಣ್ಣಗಾಗಿದೆ, ಸ್ಟೇರಿಂಗ್ ಹೊಳೆಯುತ್ತಿದೆ, ಚಾಲಕನ ಸೀಟಿನ ಅಂಚು ಕುಸಿದಿದೆ. ನಂಬುತ್ತೀರಾ? ಸರ್ವೀಸ್ ಪುಸ್ತಕ, ಬಿಲ್ಲುಗಳ ಜೊತೆ ಹೋಲಿಸಿ. ಟಯರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದ ಟಯರು ಎಂದು ಲೆಕ್ಕ. ಒಂದೇ ಬದಿ ಹೆಚ್ಚು ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ, ಅಥವಾ ಎಲ್ಲೋ ಗುದ್ದಿ ಬಂದಿದೆ.

ಕೀಲಿ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹೊತ್ತಿಕೊಂಡು ಕೆಲ ಕ್ಷಣದಲ್ಲಿ ಆರಬೇಕು. ಹೊತ್ತಿಕೊಳ್ಳದೇ ಇದ್ದರೆ ಸಂತೋಷ ಪಡಬೇಡಿ, ದೀಪವನ್ನೇ ತೆಗೆದಿರಬಹುದು!

ಗುಡ್ಡ ಹತ್ತಿಸಿ, ಇಳಿಸಿ

ಪೇಟೆಯ ರಸ್ತೆಯಲ್ಲಿ ಒಂದು ಸುತ್ತು ಹಾಕಿಸಿ ‘ಹೇಗಿದೆ ಮೇಡಂ?’ ಅಂದರೆ ಒಪ್ಪಬೇಡಿ. ಕನಿಷ್ಠ ಅರ್ಧ ಗಂಟೆ, ನಾಲ್ಕು ಜನ ಕೂತು, ಎಸಿ ಹಾಕಿಕೊಂಡು ಏರು ಹತ್ತಿಸಬೇಕು. ನಡುವೆ ನಿಲ್ಲಿಸಿ, ಮತ್ತೆ ಹೊರಡಿಸಿ. ಬಿಸಿಯ ಮುಳ್ಳು ಮೇಲೇರಿತೇ? ಕೆಲವು ಕಾರಿಗೆ ಮುಳ್ಳಿಲ್ಲ, ಕೆಂಪು ದೀಪ ಮಾತ್ರ. ಅದನ್ನು ಗಮನಿಸಿ.

ಆಟೋಮ್ಯಾಟಿಕ್ ಗಾಡಿಯಲ್ಲಿ ಎರಡು ಕ್ಲಚ್ಚಿನ ಗೇರ್‌ಬಾಕ್ಸ್ ಇದ್ದರೆ ಇನ್ನೂ ಹುಷಾರು. ಓಡುವಾಗ ಬೆಣ್ಣೆಯಂತೆ ಗೇರು ಬದಲಾಗುತ್ತದೆ, ನಿಜ. ಆದರೆ ಇವುಗಳಲ್ಲಿ ಆಯಿಲ್‌ನಲ್ಲಿ ಮುಳುಗಿರದ ಒಣ ಕ್ಲಚ್ಚಿನವು ತೆವಳುವ ಟ್ರಾಫಿಕ್ಕಿನಲ್ಲಿ, ಏರಿನಲ್ಲಿ ಬೇಗ ಬಿಸಿಯಾಗುತ್ತವೆ. ನಾದಿನಿಯ ಕಾರಿಗೆ ಆದದ್ದು ಇದೇ. ನಿಧಾನ ಹೋಗುವಾಗ ಕುಲುಕುತ್ತದೆಯೇ, ರಿವರ್ಸ್ ಹಾಕಿದಾಗ ತಡವಾಗಿ ಹಿಡಿಯುತ್ತದೆಯೇ ನೋಡಿ. ಎರಡರಲ್ಲಿ ಒಂದಿದ್ದರೂ ಮೆಕ್ಯಾನಿಕ್ ಅಭಿಪ್ರಾಯವಿಲ್ಲದೆ ಅಡ್ವಾನ್ಸ್ ಕೊಡಬೇಡಿ.

ಇಳಿಯುವಾಗ ಬ್ರೇಕ್ ಒತ್ತಿದರೆ ಸ್ಟೇರಿಂಗ್ ನಡುಗಬಾರದು, ಗಾಡಿ ಒಂದು ಬದಿಗೆ ಎಳೆಯಬಾರದು. 2019ರ ಏಪ್ರಿಲ್ ನಂತರ ಮಾರಾಟವಾದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ. ಅದಕ್ಕೂ ಹಳೆಯದಾದರೆ ಇದೆಯೋ ಇಲ್ಲವೋ ಕೇಳಿ. ಓಡುವ ಶಕ್ತಿ ಹೆಚ್ಚಿದ್ದಷ್ಟೂ ನಿಲ್ಲುವ ಶಕ್ತಿಯೂ ಬೇಕಲ್ಲವೇ?

‘ಸ್ವಲ್ಪ ಟ್ಯೂನ್ ಮಾಡ್ಸಿದೀನಿ’ ಅಂದರೆ?

ಇಂಜಿನ್ನಿನ ಕಂಪ್ಯೂಟರ್ ಬದಲಿಸಿ ಇನ್ನಷ್ಟು ಶಕ್ತಿ ಹಿಂಡುವುದು, ಗುಡುಗುವ ಸೈಲೆನ್ಸರ್ ಹಾಕಿಸುವುದು ಹುಡುಗರ ಹುಚ್ಚು. ಮಾರುವವನು ಇದನ್ನೇ ಹೆಮ್ಮೆಯಿಂದ ಹೇಳುತ್ತಾನೆ. ನೀವು ಅದನ್ನೇ ಬೇಡ ಅನ್ನಲು ಕಾರಣ ಮಾಡಿಕೊಳ್ಳಿ. ಇಂಜಿನ್, ಗೇರ್‌ಬಾಕ್ಸ್ ಎರಡರ ಆಯುಷ್ಯವೂ ಕಡಿಮೆಯಾಗುತ್ತದೆ. ಕಂಪನಿಯ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅಪಘಾತವಾದರೆ ವಿಮೆಗೂ ತಕರಾರು ಬರಬಹುದು.

ಕಾಗದಪತ್ರ ನಿಮ್ಮ ಕೈಗೆ ಬರಲಿ

ಮೊದಲು ಪರಿವಾಹನ್ ತಾಣದಲ್ಲಿ ಗಾಡಿಯ ನಂಬರ್ ಹಾಕಿ ಎಷ್ಟನೇ ಮಾಲೀಕ, ಸಾಲ ಇದೆಯೇ, ವಿಮೆ ಎಲ್ಲಿಯವರೆಗೆ, ದಂಡ ಬಾಕಿ ಇದೆಯೇ ನೋಡಿಸಿ. ಆರ್‌ಸಿಯಲ್ಲಿನ ಚಾಸಿ ನಂಬರ್, ಇಂಜಿನ್ ನಂಬರನ್ನು ಗಾಡಿಯ ಮೇಲಿನದಕ್ಕೆ ತಾಳೆ ಹಾಕಿ.

ಸಾಲವಿದ್ದರೆ ಬ್ಯಾಂಕಿನ ಎನ್‌ಓಸಿ ಮತ್ತು ಫಾರಂ 35 ಬೇಕು. ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಮಾರಿದವರು ರಾಜ್ಯದೊಳಗಾದರೆ 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು. ಬೇರೆ ರಾಜ್ಯದ ಗಾಡಿ ‘ಭಾರೀ ಅಗ್ಗ’ ಎಂದು ಕುಣಿಯಬೇಡಿ. ಅದಕ್ಕೆ ಫಾರಂ 28ರ ಎನ್‌ಓಸಿ, ಮೇಲಿಂದ ಕರ್ನಾಟಕದ ಜೀವಾವಧಿ ತೆರಿಗೆ ಬೇಕು. ಶಿರಸಿ ಆರ್‌ಟಿಓದಲ್ಲಿ ವಿಚಾರಿಸಿ ಆ ಮೊತ್ತ ಸೇರಿಸಿದರೆ ಅಗ್ಗದ ಗುಟ್ಟು ಬಯಲಾಗುತ್ತದೆ.

ವಿಮೆಯನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ಇಲ್ಲದಿದ್ದರೆ ನಿಮ್ಮ ಕಾರಿಗಾದ ಹಾನಿಗೆ ಪರಿಹಾರ ಸಿಗದೇ ಹೋಗಬಹುದು. ಹಳೆ ಮಾಲೀಕನ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ, ಅದು ಗಾಡಿಯದಲ್ಲ, ಅವನದು.

ಬರೆದಿಟ್ಟುಕೊಳ್ಳಿ

* ನಿಮ್ಮದೇ ಮೆಕ್ಯಾನಿಕ್ ಕರೆದುಕೊಂಡು ಹೋಗಿ. ಸ್ಕ್ಯಾನರ್ ಹಾಕಿಸಿ ದೋಷಗಳ ಪಟ್ಟಿ ನೋಡಿ. ಮಾರುವವರು ಒಪ್ಪದಿದ್ದರೆ ಎದ್ದು ಬನ್ನಿ.
* ಕಾರಿನ ಬೆಲೆಯ ಐದನೇ ಒಂದು ಭಾಗವನ್ನು ಮೊದಲ ವರ್ಷದ ರಿಪೇರಿಗೆಂದು ಬೇರೆ ಇಡಿ. ಅಷ್ಟು ಇಡಲಾಗದಿದ್ದರೆ ಆ ಕಾರು ನಿಮಗೆ ದುಬಾರಿ.
* ಪೆಟ್ರೋಲ್ ಮುಚ್ಚಳದ ಒಳಬದಿ ಓದಿ. ಹೆಚ್ಚು ಆಕ್ಟೇನ್ ಪೆಟ್ರೋಲ್ ಬೇಕೆಂದಿದ್ದರೆ ನಿಮ್ಮೂರ ಬಂಕಿನಲ್ಲಿ ಸಿಗುತ್ತದೆಯೇ ಕೇಳಿ.
* ಗಾಡಿಯ ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗಿದ್ದರೆ ಮನೆಯ ಮಣ್ಣುದಾರಿ ನೆನಪಿಸಿಕೊಳ್ಳಿ.
* ‘ಇವತ್ತೇ ಅಡ್ವಾನ್ಸ್ ಕೊಡಿ, ಇನ್ನೊಬ್ಬರು ಬರ್ತಿದಾರೆ’ ಅಂದರೆ ಬರಲಿ ಬಿಡಿ!

ಆಮೇಲೆ ಏನಾಯ್ತು?

ಹಳೆಯ ಕಾರು ಬಂದಷ್ಟಕ್ಕೆ ಹೋಯಿತು. ಮಗ ಮತ್ತೊಂದು ಕಾರು ಹುಡುಕಿದ. ಈ ಸಲ ನಾದಿನಿ ತಾನೂ ಹೊರಟಳು. ‘ಆಯಿ, ಪಿಕಪ್ ನೋಡು, ಗುಂಡು ಹೊಡೆದಾಂಗೆ ಹೋಗ್ತು!’ ಅಂದನಂತೆ ಮಗ. ‘ಮಾಣಿ, ಗುಂಡು ಹೊಡೆದಾಂಗೆ ಹೋಪದು ಬೇಡ, ತಿರುಗಿ ಮನೆಗೆ ಬಂದ್ರೆ ಸಾಕು’ ಅಂದಳು ಇವಳು. ಕಾರಿನ ಹತ್ತಿರ ಹೋದವಳೇ ಬಾನೆಟ್ ಮೇಲೆ ಕೈಯಿಟ್ಟು, ‘ಅಣ್ಣಾ, ನಿನ್ನೆಯಿಂದ ಸ್ಟಾರ್ಟೇ ಮಾಡಿಲ್ಲ ಅಂದ್ರಲ್ಲ, ಇದು ಯಾಕೆ ಇಷ್ಟು ಬಿಸಿ?’ ಎಂದು ಕೇಳಿದಳು. ಆತ ತಡವರಿಸಿದ. ಮಗ ತಾಯಿಯ ಮುಖ ನೋಡಿದ. ಇಬ್ಬರೂ ಸುಮ್ಮನೆ ವಾಪಸು ಬಂದರು.

ಒಂದು ತಿಂಗಳ ನಂತರ ಪರಿಚಯದವರ ಒಂದು ಕಾರು ಸಿಕ್ಕಿತು. ಒಬ್ಬರೇ ಮಾಲೀಕರು, ಎಲ್ಲ ಬಿಲ್ಲೂ ಇದೆ, ಗೇರು ಕೈಯಲ್ಲೇ ಹಾಕುವುದು. ಶಕ್ತಿ ಸ್ವಲ್ಪ ಕಡಿಮೆ, ಮಗನ ಮುಖವೂ ಮೊದಲ ವಾರ ಸ್ವಲ್ಪ ಸಣ್ಣದಾಗಿತ್ತು. ಈಗ ಅಜ್ಜಿ ಅದರಲ್ಲೇ ಮಣಿಪಾಲಕ್ಕೆ ಹೋಗಿ ಬರುತ್ತಾರೆ. ದೇವಿಮನೆ ಬಂದಾಗ ಅವರು ಮೊದಲಿನಂತೆ ದೇವರ ನಾಮ ಹೇಳುತ್ತಾರಂತೆ, ಆದರೆ ಹೆದರಿ ಅಲ್ಲ, ಅಭ್ಯಾಸಕ್ಕೆ!

ದಾನ ಬಂದ ಆಕಳ ಹಲ್ಲು ಎಣಿಸಬಾರದು ಅನ್ನುತ್ತಾರೆ. ದುಡ್ಡು ಕೊಟ್ಟು ತರುವ ಕಾರಿನ ಹಲ್ಲನ್ನು ಮಾತ್ರ ಒಂದೊಂದಾಗಿ ಎಣಿಸಿ. ಈ ಸಲ ಕಾರು ನೋಡಲು ಮನೆಯವರು ಹೊರಟಾಗ ನೀವೂ ಚಪ್ಪಲಿ ಮೆಟ್ಟಿ ಹೊರಡುತ್ತೀರಿ ತಾನೆ?